ಮಂಗಳವಾರದ ಮ್ಯಾಚು, ನನ್ನ ಮಾಡೆಲ್ಲು, ತಮ್ಮನ ಸಾಲ

"ಅಣ್ಣ, ನಾಳೆ ಸ್ಟಾಕ್‌ಪೋರ್ಟ್ ಗೆಲ್ಲುತ್ತಾ?"

ದಾವಣಗೆರೆಯಿಂದ ನನಗೆ ಇಂಥ ಪ್ರಶ್ನೆ ಬರುತ್ತೆ ಅಂತ ಯಾರಾದರೂ ಮೊದಲೇ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಕೇಳಿದವನು ನನ್ನ ಚಿಕ್ಕಪ್ಪನ ಮಗ. ಕ್ರಿಕೆಟ್ ಬಿಟ್ಟು ಬೇರೆ ಆಟ ನೋಡಿದವನಲ್ಲ. ಸ್ಟಾಕ್‌ಪೋರ್ಟ್ ಅನ್ನೋದು ಊರೋ, ಬಂದರೋ, ಅದೂ ಗೊತ್ತಿರಲಿಲ್ಲ. ಆದರೂ 2024ರ ಚಳಿಗಾಲದಲ್ಲಿ ಪ್ರತಿ ಸೋಮವಾರ ರಾತ್ರಿ ಅವನ ಮೆಸೇಜು ತಪ್ಪದೆ ಬರುತ್ತಿತ್ತು. ಅದಕ್ಕೆ ಕಾರಣ ನಾನೇ.

ಆಗ ನಾನು ಕಂಪನಿಯ ಪ್ರಾಜೆಕ್ಟ್ ಮೇಲೆ ಮ್ಯಾಂಚೆಸ್ಟರ್‌ನಲ್ಲಿದ್ದೆ. ಅಲ್ಲಿಂದ ಸ್ಟಾಕ್‌ಪೋರ್ಟ್‌ಗೆ ರೈಲಲ್ಲಿ ಹತ್ತು ನಿಮಿಷದ ದಾರಿ. ಒಂದು ಮಂಗಳವಾರ ಸಂಜೆ ಆಫೀಸಿನ ಸಹೋದ್ಯೋಗಿ ಒಬ್ಬರು "ಬಾ, ನಿಜವಾದ ಫುಟ್‌ಬಾಲ್ ತೋರಿಸ್ತೀನಿ" ಅಂತ ಎಜ್ಲಿ ಪಾರ್ಕ್ ಅನ್ನೋ ಸ್ಟೇಡಿಯಂಗೆ ಕರೆದುಕೊಂಡು ಹೋದರು. ಸುತ್ತಲೂ ಇಟ್ಟಿಗೆ ಮನೆಗಳ ಸಾಲು, ಮಧ್ಯೆ ಮೈದಾನ. ಮೂಳೆ ಕೊರೆಯೋ ಚಳಿ. ಪಕ್ಕದ ಸೀಟಿನ ಅಜ್ಜ ತನ್ನ ಟೀಮಿನ ಗೋಲ್‌ಕೀಪರ್‌ಗೇ ತೊಂಬತ್ತು ನಿಮಿಷ ಬೈದರು. ನನಗೆ ಭಾರಿ ಇಷ್ಟ ಆಯ್ತು.

ನಮಗೆಲ್ಲ ಗೊತ್ತಿರೋದು ಪ್ರೀಮಿಯರ್ ಲೀಗ್ ಮಾತ್ರ. ಅದರ ಕೆಳಗೆ ಇಂಗ್ಲಿಷ್ ಫುಟ್‌ಬಾಲ್ ಲೀಗ್‌ನ ಮೂರು ಹಂತಗಳಿವೆ: ಚಾಂಪಿಯನ್‌ಶಿಪ್, ಲೀಗ್ ಒನ್, ಲೀಗ್ ಟೂ. ಒಂದೊಂದರಲ್ಲಿ 24 ಕ್ಲಬ್, ಒಂದೊಂದು ಕ್ಲಬ್‌ಗೆ 46 ಪಂದ್ಯ. ಮೂರೂ ಸೇರಿ ಸೀಸನ್‌ಗೆ 1,656 ಪಂದ್ಯ. ಇಷ್ಟನ್ನೂ ಬರೀ ಶನಿವಾರಗಳಲ್ಲಿ ಆಡಿ ಮುಗಿಸೋಕಾಗಲ್ಲ. ಹಾಗಾಗಿ ಮಂಗಳವಾರ, ಬುಧವಾರ ರಾತ್ರಿ 7.45ಕ್ಕೆ ಒಂದಷ್ಟು ಪಂದ್ಯ ಇಡ್ತಾರೆ. ಮಳೆ, ಹಿಮ ಅಂತ ಮುಂದೂಡಿದ ಪಂದ್ಯಗಳೂ ಅಲ್ಲಿಗೇ ಬಂದು ಬೀಳ್ತವೆ.

ಬೆಟ್ಟಿಂಗ್ ಅಲ್ಲಿ ಕಾನೂನುಬದ್ಧ. 18 ತುಂಬಿದ್ದರೆ ಸಾಕು. ಪೇಟೆ ಬೀದಿಯಲ್ಲಿ ನಮ್ಮ ಮೆಡಿಕಲ್ ಶಾಪ್‌ಗಳ ಹಾಗೆ ಬೆಟ್ಟಿಂಗ್ ಅಂಗಡಿಗಳಿವೆ. ಈ ಲೀಗ್‌ನ ಹೆಸರಿನ ಮುಂದೆಯೇ 2013ರಿಂದ ಒಂದು ಬೆಟ್ಟಿಂಗ್ ಕಂಪನಿಯ ಹೆಸರಿದೆ ಅಂದ್ರೆ ಅಂದಾಜು ಮಾಡಿಕೊಳ್ಳಿ.

ನನ್ನ ತಲೆಗೆ ಹೊಳೆದದ್ದು ಇಷ್ಟು. ಪ್ರೀಮಿಯರ್ ಲೀಗ್ ಮೇಲೆ ಇಡೀ ಜಗತ್ತಿನ ಕಣ್ಣಿದೆ, ಅಲ್ಲಿ ಬುಕ್ಕಿಗಳು ತಪ್ಪು ಮಾಡಲ್ಲ. ಆದರೆ ಮಂಗಳವಾರ ರಾತ್ರಿಯ ಲೀಗ್ ಟೂ ಪಂದ್ಯದ ಬಗ್ಗೆ ಯಾರು ತಲೆ ಕೆಡಿಸಿಕೊಳ್ತಾರೆ? ಶನಿವಾರ ಆಡಿದ ಕಾಲುಗಳೇ ಮೂರು ದಿನಕ್ಕೆ ಮತ್ತೆ ಆಡಬೇಕು. ಪ್ರಯಾಣ ಬೇರೆ. 2023–24ರಲ್ಲಿ ದಕ್ಷಿಣದ ಎಕ್ಸೆಟರ್, ಸ್ಕಾಟ್‌ಲೆಂಡ್ ಗಡಿಯ ಹತ್ತಿರದ ಕಾರ್ಲೈಲ್ ಎರಡೂ ಲೀಗ್ ಒನ್‌ನಲ್ಲಿದ್ದವು. ನಡುವೆ 500 ಕಿಲೋಮೀಟರಿಗೂ ಹೆಚ್ಚು ದೂರ. ಬೆಂಗಳೂರಿಂದ ಬೆಳಗಾವಿಗೆ ಹೋಗಿ ಆಡಿ ಬಂದ ಹಾಗೆ. ಆಯಾಸ, ದೂರ, ಬೆಂಚಿನಲ್ಲಿ ಎಷ್ಟು ಜನ ಇದ್ದಾರೆ, ಇವನ್ನೆಲ್ಲ ಕೋಡ್‌ಗೆ ಇಳಿಸಿದರೆ ಬುಕ್ಕಿಗಿಂತ ಒಂದು ಹೆಜ್ಜೆ ಮುಂದೆ ಇರಬಹುದಲ್ಲ? ಇಂಜಿನಿಯರ್‌ಗಳಿಗೆ ಇದೊಂದು ರೋಗ. ಎಲ್ಲಿ ಡೇಟಾ ಕಾಣುತ್ತೋ ಅಲ್ಲಿ ದುಡ್ಡೂ ಕಾಣುತ್ತೆ.

ಮಾಡೆಲ್ ಅಂದ್ರೆ ರಾಕೆಟ್ ವಿಜ್ಞಾನ ಅಲ್ಲ. ಫುಟ್‌ಬಾಲ್‌ನಲ್ಲಿ ಗೋಲುಗಳು ಕಡಿಮೆ. ಹಾಗಾಗಿ ಪಿಯುಸಿಯಲ್ಲೋ ಇಂಜಿನಿಯರಿಂಗ್‌ನಲ್ಲೋ ಓದಿ ಮರೆತ ಪಾಸಾನ್ ಹಂಚಿಕೆ ಇಲ್ಲಿ ಚೆನ್ನಾಗಿ ಹೊಂದುತ್ತೆ. ಮೈಕ್ ಮೇಹರ್ ಅನ್ನೋರು 1982ರಲ್ಲೇ ಪ್ರತಿ ಟೀಮಿಗೆ ಒಂದು ದಾಳಿಯ ಅಂಕ, ಒಂದು ರಕ್ಷಣೆಯ ಅಂಕ, ಮೇಲೆ ತವರಿನ ಲಾಭ ಸೇರಿಸಿ ಲೆಕ್ಕ ಹಾಕೋ ದಾರಿ ತೋರಿಸಿದ್ದರು. 1997ರಲ್ಲಿ ಮಾರ್ಕ್ ಡಿಕ್ಸನ್, ಸ್ಟುವರ್ಟ್ ಕೋಲ್ಸ್ ಇದನ್ನು ತಿದ್ದಿದರು. 0-0, 1-1ರಂಥ ಸಣ್ಣ ಸ್ಕೋರುಗಳಿಗೆ ಒಂದು ತಿದ್ದುಪಡಿ, ಹಳೇ ಪಂದ್ಯಕ್ಕಿಂತ ಹೊಸ ಪಂದ್ಯಕ್ಕೆ ಹೆಚ್ಚು ತೂಕ. ಇವತ್ತಿಗೂ ಈ ದಾರಿಗೆ ಬರೋರು ಸಾಮಾನ್ಯವಾಗಿ ಅಲ್ಲಿಂದಲೇ ಶುರು ಮಾಡೋದು.

ಉದಾಹರಣೆಗೆ, ತವರಿನ ಟೀಮ್ ಸರಾಸರಿ 1.4 ಗೋಲು, ಬಂದ ಟೀಮ್ 1.1 ಗೋಲು ಹೊಡೆಯಬಹುದು ಅಂತ ಲೆಕ್ಕ ಹೇಳಿತು ಅನ್ನಿ. ಬರೀ ಪಾಸಾನ್ ಪ್ರಕಾರ 0-0 ಆಗೋ ಸಾಧ್ಯತೆ ಶೇ. 8.2, 1-1 ಆಗೋದು ಶೇ. 12.6. ಎಲ್ಲ ಡ್ರಾಗಳನ್ನೂ ಕೂಡಿಸಿದರೆ ಸುಮಾರು ಶೇ. 27. ಹೀಗೆ ಗೆಲುವು, ಡ್ರಾ, ಸೋಲು ಮೂರಕ್ಕೂ ಒಂದೊಂದು ಸಂಖ್ಯೆ ಸಿಗುತ್ತೆ. ಆಮೇಲೆ ಅದನ್ನು ಬುಕ್ಕಿಯ ದರದ ಪಕ್ಕ ಇಟ್ಟು ನೋಡೋದು.

ಬುಕ್ಕಿಯ ದರ, ಅಂದ್ರೆ ಆಡ್ಸ್, ಅದರಲ್ಲೇ ಅವನ ಸಂಬಳ ಅಡಗಿರುತ್ತೆ. ತವರಿಗೆ 2.10, ಡ್ರಾಗೆ 3.40, ಬಂದವರಿಗೆ 3.60 ಅಂತ ಇದೆ ಅನ್ನಿ. ಒಂದನ್ನು ಈ ಮೂರರಿಂದಲೂ ಭಾಗಿಸಿ ಕೂಡಿಸಿ ನೋಡಿ. 100 ಬರಬೇಕಾದಲ್ಲಿ 104.8 ಬರುತ್ತೆ. ಆ 4.8 ಅವನದು. ಅಂದ್ರೆ ನೀವು ಅವನಷ್ಟೇ ಜಾಣರಾದರೆ ಸಾಲದು. ಅವನಿಗಿಂತ ಜಾಣರಾಗಿ, ಮೇಲೆ ಈ ಸುಂಕವನ್ನೂ ದಾಟಬೇಕು.

ನನ್ನ ಮಾಡೆಲ್ ದಾಟಿತ್ತು! ಹಳೆಯ ಸೀಸನ್‌ಗಳ ಮೇಲೆ ಓಡಿಸಿ ನೋಡಿದೆ. ನೂರು ಪೌಂಡ್ ಕಟ್ಟಿದ್ದರೆ ಒಂಬತ್ತು ಪೌಂಡ್ ಲಾಭ. ಆ ರಾತ್ರಿ ನಿದ್ದೆ ಬರಲಿಲ್ಲ, ಸತ್ಯವಾಗಿ ಹೇಳ್ತೀನಿ. ಅಕ್ಟೋಬರ್‌ನಿಂದ ಡಿಸೆಂಬರ್ ಕೊನೆಯವರೆಗೆ ತಲಾ ಹತ್ತು ಪೌಂಡ್‌ನಂತೆ 63 ಬೆಟ್ ಕಟ್ಟಿದೆ. 112 ಪೌಂಡ್ ಮೇಲೆ ಬಂತು. ದೊಡ್ಡ ಮೊತ್ತ ಏನಲ್ಲ. ಆದರೆ ಸರಿ ಅನ್ನಿಸಿಕೊಂಡ ಖುಷಿ ಇದೆಯಲ್ಲ, ಅದರ ಮತ್ತೇ ಬೇರೆ. ಆ ಖುಷಿಯನ್ನು ನಮ್ಮ ಅಣ್ಣತಮ್ಮಂದಿರ ವಾಟ್ಸಾಪ್ ಗ್ರೂಪ್‌ನಲ್ಲಿ ಹಂಚಿಕೊಂಡೆ. ಪ್ರತಿ ಸೋಮವಾರ ಒಂದು ಸ್ಕ್ರೀನ್‌ಶಾಟ್. "ಸ್ಟಾಕ್‌ಪೋರ್ಟ್ 52%, ಇನ್ನೊಂದು 49%" ಅಂತ. ಬೆಂಕಿ ಇಮೋಜಿಗಳು ಬಂದವು. ಒಬ್ಬ ಅತ್ತಿಗೆ "ನಮ್ಮ ಮೈದುನ ಜೀನಿಯಸ್" ಅಂದರು.

ಜನವರಿಯಲ್ಲಿ ತಪ್ಪು ಸಿಕ್ಕಿತು. ಬೇರೇನೋ ಹುಡುಕ್ತಾ ಹಳೇ ಕೋಡ್ ಓದ್ತಿದ್ದೆ. ಟೀಮುಗಳ ದಾಳಿ, ರಕ್ಷಣೆಯ ಅಂಕಗಳನ್ನು ನಾನು ಇಡೀ ಸೀಸನ್‌ನ ಫಲಿತಾಂಶದಿಂದ ತೆಗೆದಿದ್ದೆ. ಆಮೇಲೆ ಅದೇ ಅಂಕ ಹಿಡಿದು ಅದೇ ಸೀಸನ್‌ನ ನವೆಂಬರ್ ಪಂದ್ಯಗಳನ್ನು "ಊಹಿಸಿದ್ದೆ". ಮೇ ತಿಂಗಳಲ್ಲಿ ಯಾರು ಮೇಲೆ ಇದ್ದರು ಅಂತ ಗೊತ್ತಿದ್ದುಕೊಂಡೇ ನವೆಂಬರ್‌ನಲ್ಲಿ ಜ್ಯೋತಿಷ್ಯ ಹೇಳಿದ ಹಾಗೆ. ಫ್ರೆಶರ್ ಹುಡುಗ ಹೀಗೆ ಮಾಡಿದ್ದರೆ ಕೋಡ್ ರಿವ್ಯೂನಲ್ಲಿ ನಾನೇ ಬೈಯುತ್ತಿದ್ದೆ. ಸರಿ ಮಾಡಿ ಮತ್ತೆ ಓಡಿಸಿದೆ. ಒಂಬತ್ತು ಪೌಂಡ್ ಲಾಭ ಹೋಗಿ ನಾಲ್ಕು ಪೌಂಡ್ ನಷ್ಟ. ಹೆಚ್ಚುಕಡಿಮೆ ಬುಕ್ಕಿಯ ಸುಂಕದಷ್ಟೇ.

ಹಾಗಾದರೆ ಆ 112 ಪೌಂಡ್? ಅದೃಷ್ಟ. ಕಣ್ಣು ಮುಚ್ಚಿ 63 ಬೆಟ್ ಕಟ್ಟಿದ್ದರೂ ಸುಮಾರು ಇಪ್ಪತ್ತು ಜನರಲ್ಲಿ ಒಬ್ಬರಿಗೆ ಅಷ್ಟು ಬಂದೇ ಬರುತ್ತೆ. ನಿಜವಾಗಲೂ ಶೇ. 3ರಷ್ಟು ಮೇಲುಗೈ ಇದ್ದರೂ, ಅದು ಅದೃಷ್ಟ ಅಲ್ಲ ಅಂತ ಒಂದು ಮಟ್ಟಿಗೆ ಖಾತ್ರಿ ಆಗೋಕೆ ಸುಮಾರು 4,400 ಬೆಟ್ ಬೇಕು. ಮಂಗಳವಾರದ್ದು ಮಾತ್ರ ಅಂದ್ರೆ ಹತ್ತು ವರ್ಷದ ಮಾತು. ಅಷ್ಟರಲ್ಲಿ ಕ್ಲಬ್ಬು, ಕೋಚು, ಆಟಗಾರರು ಎಲ್ಲ ಬದಲಾಗಿರ್ತಾರೆ.

ಆಯಾಸ, ದೂರ ಅಂತ ನಾನು ಸೇರಿಸಿದ್ದೆನಲ್ಲ, ಅದೆಲ್ಲ ಬುಕ್ಕಿಗೂ ಗೊತ್ತಿತ್ತು. ಭೂಪಟ ಅವನ ಹತ್ತಿರವೂ ಇದೆ. ನನಗೆ ಗೊತ್ತಿರೋದು ದರದಲ್ಲಿ ಮೊದಲೇ ಸೇರಿದ್ದರೆ ಅದಕ್ಕೆ ಬೆಲೆಯೇ ಇಲ್ಲ. ದರದಲ್ಲಿ ಸೇರದೇ ಇರೋ ಸಂಗತಿ ಯಾವುದು ಅಂದ್ರೆ, ನನ್ನ ಸಿಎಸ್‌ವಿ ಫೈಲ್‌ನಲ್ಲೂ ಇಲ್ಲದ್ದು. 2019ರ ಆಗಸ್ಟ್ ನೆನಪು ಮಾಡಿಕೊಳ್ಳಿ. ಬೋಲ್ಟನ್ ವಾಂಡರರ್ಸ್ ಹಣಕಾಸಿನ ಸಂಕಷ್ಟದಲ್ಲಿ ಮುಳುಗಿ ಹದಿಹರೆಯದ ಹುಡುಗರನ್ನು ಇಳಿಸಿ ಆಡ್ತಿತ್ತು. 20ನೇ ತಾರೀಕು ಮಂಗಳವಾರ ಡಾನ್‌ಕಾಸ್ಟರ್ ವಿರುದ್ಧ ಪಂದ್ಯ ಇತ್ತು. ಆ ಹುಡುಗರ ಆರೋಗ್ಯದ ಕಾರಣ ಹೇಳಿ ಕ್ಲಬ್ಬೇ ಪಂದ್ಯ ಬೇಡ ಅಂದಿತು. ಮುಂದಿನ ಮಂಗಳವಾರ ಪಕ್ಕದ ಬರಿ ಊರಿನ ಕ್ಲಬ್ಬನ್ನು ಲೀಗ್‌ನಿಂದಲೇ ಹೊರಹಾಕಿದರು. ನನ್ನ ಡೇಟಾದಲ್ಲಿ ಆ ಸೀಸನ್‌ಗೆ ಬರಿಯ ಹೆಸರಲ್ಲಿ ಒಂದು ಸಾಲೂ ಇಲ್ಲ. ಯಾವ ಪಾಸಾನ್ ಇದನ್ನು ಹೇಳುತ್ತೆ?

ನಿಜವಾಗಿ ಗೆದ್ದವರೂ ಇದ್ದಾರೆ, ಇಲ್ಲ ಅಂತಲ್ಲ. ಬ್ರೈಟನ್ ಕ್ಲಬ್‌ನ ಟೋನಿ ಬ್ಲೂಮ್, ಬ್ರೆಂಟ್‌ಫರ್ಡ್‌ನ ಮ್ಯಾಥ್ಯೂ ಬೆನ್ಹ್ಯಾಮ್ ಬೆಟ್ಟಿಂಗ್ ಲೆಕ್ಕಾಚಾರದಲ್ಲೇ ದುಡ್ಡು ಮಾಡಿ ಕ್ಲಬ್ಬಿನ ಒಡೆಯರಾದವರು. ಆದರೆ ಅವರ ಹಿಂದೆ ಇದೇ ಕೆಲಸಕ್ಕೆ ಅಂತ ಇರೋ ಕಂಪನಿ, ಸಂಬಳದ ತಜ್ಞರು ಇದ್ದಾರೆ. ನನ್ನ ಹಿಂದೆ ಒಂದು ಲ್ಯಾಪ್‌ಟಾಪು, ಶೇರಿಂಗ್ ಫ್ಲ್ಯಾಟಿನ ಅಡುಗೆಮನೆ ಮೇಜು. ಇನ್ನೊಂದು ವಿಷಯ. ಸತತವಾಗಿ ಗೆಲ್ಲೋ ಸಣ್ಣ ಗಿರಾಕಿಗಳನ್ನು ಬುಕ್ಕಿಗಳು ಇಟ್ಟುಕೊಳ್ಳಲ್ಲ. ನನ್ನ ಆ ಸಹೋದ್ಯೋಗಿಗೆ ಒಂದು ಕಡೆ ಎರಡು ಪೌಂಡ್‌ಗಿಂತ ಹೆಚ್ಚು ಕಟ್ಟೋಕೆ ಬಿಡ್ತಿರಲಿಲ್ಲ. ಸೋಲೋರಿಗೆ ಅಂಥ ತೊಂದರೆ ಇಲ್ಲ.

ಈಗ ಹೇಳಲು ಕಷ್ಟವಾದ ಭಾಗ.

ತಪ್ಪು ಸಿಕ್ಕ ದಿನವೇ ನಾನು ಬೆಟ್ ಕಟ್ಟೋದು ನಿಲ್ಲಿಸಿದೆ. ಗ್ರೂಪ್‌ಗೆ ಹೇಳಲಿಲ್ಲ. ಹೇಳಬೇಕು ಅಂತ ಎರಡು ಸಲ ಟೈಪ್ ಮಾಡಿ ಅಳಿಸಿದೆ. ಜೀನಿಯಸ್ ಅನ್ನಿಸಿಕೊಂಡವನು "ಕೋಡ್ ತಪ್ಪಿತ್ತು" ಅನ್ನೋದು ಹೇಗೆ? ಸ್ಕ್ರೀನ್‌ಶಾಟ್ ಕಳಿಸೋದು ನಿಲ್ಲಿಸಿದರೆ ಯಾಕೆ ಅಂತ ಕೇಳ್ತಾರೆ. ಹಾಗಾಗಿ ಇನ್ನೂ ಮೂರು ಸೋಮವಾರ ಕಳಿಸಿದೆ. ಯಾರೂ ದುಡ್ಡು ಕಟ್ಟಲ್ಲ, ಸುಮ್ಮನೆ ಮಜಕ್ಕೆ ನೋಡ್ತಾರೆ ಅಂತ ನನಗೆ ನಾನೇ ಹೇಳಿಕೊಂಡೆ.

ಫೆಬ್ರವರಿಯಲ್ಲಿ ಚಿಕ್ಕಪ್ಪ ಫೋನ್ ಮಾಡಿದರು. ಅವರು ಯಾವತ್ತೂ ನನಗೆ ನೇರವಾಗಿ ಫೋನ್ ಮಾಡಿದವರಲ್ಲ, ಅಪ್ಪನ ಹತ್ತಿರ ಮಾತಾಡುವಾಗ ನನ್ನ ಕ್ಷೇಮ ಕೇಳೋದಷ್ಟೆ.

"ಏನಪ್ಪಾ, ಚೆನ್ನಾಗಿದೀಯಾ? ಇವನು ಏನೋ ಫುಟ್‌ಬಾಲ್ ಅಂತಾನೆ. ನೀನೇ ಹೇಳಿಕೊಡ್ತಿದ್ದೆ ಅಂತೆ?"

ದನಿಯಲ್ಲಿ ಕೋಪ ಇರಲಿಲ್ಲ. ಕೋಪ ಇದ್ದಿದ್ದರೆ ಒಳ್ಳೇದಿತ್ತು.

ತಮ್ಮನಿಗೆ ಟೆಲಿಗ್ರಾಂನಲ್ಲಿ ಯಾರೋ ಏಜೆಂಟ್ ಸಿಕ್ಕಿದ್ದ. ಗೊತ್ತುಗುರಿ ಇಲ್ಲದ ಒಂದು ಲಿಂಕು, ಪ್ರತಿ ವಾರ ಬೇರೆ ಬೇರೆ ಹೆಸರಿನ ಯುಪಿಐ ಐಡಿ. ಶುರುವಿಗೆ ಇನ್ನೂರು, ಐನೂರು. ಆಮೇಲೆ ಸೋತಿದ್ದನ್ನು ತುಂಬಿಸೋಕೆ ಲೋನ್ ಆ್ಯಪ್. ಒಟ್ಟು 2 ಲಕ್ಷ 40 ಸಾವಿರ. ಅದರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಹೋದದ್ದು ಆ ಮೂರು ವಾರಗಳಲ್ಲಿ. ರಾತ್ರಿ ಒಂದೂಕಾಲಿಗೆ ಎದ್ದು ಕೂತು, ಎಂದೂ ಕಾಣದ ಊರುಗಳ ಸ್ಕೋರು ನೋಡ್ತಿದ್ದನಂತೆ. ಬೆಳಗ್ಗೆ ಅಂಗಡಿಯಲ್ಲಿ ತೂಕಡಿಕೆ. ಚಿಕ್ಕಮ್ಮ ಜಾಂಡಿಸ್ ಇರಬೇಕು ಅಂತ ರಕ್ತ ಪರೀಕ್ಷೆಗೂ ಕರೆದುಕೊಂಡು ಹೋಗಿದ್ದರು.

ಅವನು ಒಂದೊಂದೇ ಪಂದ್ಯಕ್ಕೆ ಕಟ್ಟಿರಲಿಲ್ಲ. ಐದು ಪಂದ್ಯ ಪೋಣಿಸಿ ಕಟ್ಟೋದು, ಅಕ್ಯುಮುಲೇಟರ್ ಅಂತಾರೆ. ಐದೂ ಸರಿಯಾದರೆ ಇಪ್ಪತ್ತೈದು ಮೂವತ್ತು ಪಟ್ಟು. ಒಂದು ತಪ್ಪಿದರೂ ಎಲ್ಲ ಹೋಯ್ತು. ನಾನು 52% ಅಂತ ಬರೆದಿದ್ದನ್ನು ಅವನು "ಗೆಲ್ಲುತ್ತೆ" ಅಂತ ಓದಿಕೊಂಡಿದ್ದ. ಆ 52 ಸರಿಯೇ ಅಂತಿಟ್ಟುಕೊಂಡರೂ, ಐದು ಸಲ ಗುಣಿಸಿ ನೋಡಿ: ಶೇ. 3.8. ಇಪ್ಪತ್ತಾರು ಸಲಕ್ಕೆ ಒಂದು ಸಲ. ಬುಕ್ಕಿಯ ಸುಂಕವೂ ಐದು ಸಲ ಗುಣಿಸಿಕೊಂಡು ಬರುತ್ತೆ. ಒಂದು ಪಂದ್ಯದಲ್ಲಿ 4.8 ಇದ್ದದ್ದು ಐದು ಪೋಣಿಸಿದರೆ 26 ದಾಟುತ್ತೆ. ನೂರು ರೂಪಾಯಿ ಕಟ್ಟಿದರೆ ಸರಾಸರಿ ವಾಪಸ್ ಬರೋದು 79. ಇದು ಲೆಕ್ಕ ಬಲ್ಲ ಬುಕ್ಕಿಯ ದರದಲ್ಲಿ. ಟೆಲಿಗ್ರಾಂ ಏಜೆಂಟನ ದರ ಇನ್ನೆಷ್ಟು ಕೆಟ್ಟದಿತ್ತೋ! ಈ ಗುಣಾಕಾರವನ್ನು ಒಂದು ಸಾಲಲ್ಲಿ ಬರೆದು ಗ್ರೂಪ್‌ಗೆ ಹಾಕೋಕೆ ನನಗೆ ಒಂದು ನಿಮಿಷ ಸಾಕಿತ್ತು.

ಬ್ರಿಟನ್‌ನಲ್ಲಿ 2020ರ ಏಪ್ರಿಲ್‌ನಿಂದ ಕ್ರೆಡಿಟ್ ಕಾರ್ಡ್‌ನಲ್ಲಿ ಜೂಜಾಡೋ ಹಾಗಿಲ್ಲ. ಬೇಡ ಅನ್ನಿಸಿದರೆ ಗ್ಯಾಮ್‌ಸ್ಟಾಪ್ ಅನ್ನೋ ವ್ಯವಸ್ಥೆಯಲ್ಲಿ ಒಂದು ಸಲ ಹೆಸರು ಬರೆಸಿದರೆ ಪರವಾನಗಿ ಇರೋ ಎಲ್ಲ ಆನ್‌ಲೈನ್ ಕಂಪನಿಗಳೂ ಬಾಗಿಲು ಹಾಕಬೇಕು. ನಾನು ಒಂದು ವರ್ಷಕ್ಕೆ ಬರೆಸಿದೆ. ಅಷ್ಟೆಲ್ಲ ಕಟ್ಟುಪಾಡಿನ ಒಳಗೆ ಕೂತು ನಾನು ಹತ್ತು ಪೌಂಡ್‌ನ ಆಟ ಆಡಿದೆ. ತಮ್ಮನ ಕಡೆ ಇದಾವುದೂ ಇರಲಿಲ್ಲ. 2025ರ ಆಗಸ್ಟ್‌ನಲ್ಲಿ ನಮ್ಮಲ್ಲೂ ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನು ನಿಷೇಧಿಸೋ ಕೇಂದ್ರದ ಕಾಯ್ದೆ ಬಂತು. ಅಷ್ಟೊತ್ತಿಗೆ ಅವನ ಏಜೆಂಟ್ ಅಕೌಂಟ್ ಡಿಲೀಟ್ ಮಾಡಿಕೊಂಡು ಎಲ್ಲೋ ಹೋಗಿದ್ದ.

ಚಿಕ್ಕಪ್ಪನಿಗೆ ಫೋನ್‌ನಲ್ಲೇ ಎಲ್ಲ ಹೇಳಿದೆ, ಮೂರು ವಾರ ಸುಮ್ಮನಿದ್ದದ್ದೂ ಸೇರಿ. ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ಅಲ್ಲಿ ಚಳಿ ಜಾಸ್ತಿನಾ?" ಅಂತ ಕೇಳಿದರು. ಆ ರಾತ್ರಿ ಗ್ರೂಪ್‌ನಲ್ಲಿ ಬರೆದೆ. ಇಮೋಜಿ ಬರಲಿಲ್ಲ.

ಲೋನ್ ಆ್ಯಪ್‌ನ ಸಾಲ ನಾನು ಒಮ್ಮೆಗೇ ತೀರಿಸಿದೆ, ಬಡ್ಡಿ ಬೆಳೀತಿತ್ತು. ಅರ್ಧ ನನ್ನ ಪಾಲು ಅಂತ ಮಾತಾಯ್ತು. ಉಳಿದರ್ಧ ಅವನು ತಿಂಗಳಿಗೆ ಐದು ಸಾವಿರದಂತೆ ಕೊಡ್ತಾನೆ. ಬೇಡ ಅಂದೆ, ಒಪ್ಪಲಿಲ್ಲ. ನಾನೀಗ ಬೆಂಗಳೂರಿಗೆ ವಾಪಸ್ ಬಂದಿದೀನಿ. ಪ್ರತಿ ತಿಂಗಳು 5ನೇ ತಾರೀಕು ಯುಪಿಐ ಮೆಸೇಜು ಬರುತ್ತೆ. ಷರಾ ಬರೆಯೋ ಜಾಗದಲ್ಲಿ ಬೇರೆಯವರು ಬಾಡಿಗೆ, ಸಾಲ ಅಂತೇನೋ ಬರೀತಾರೆ. ಅವನು "ಸ್ಟಾಕ್‌ಪೋರ್ಟ್" ಅಂತ ಬರೀತಾನೆ.