ಡಾಕ್‌ಲಿಂಟ್

ಡಾಕ್‌ಲಿಂಟ್ ಎಂಬುದು ಜಾವಾ ಭಾಷೆಯ ದಾಖಲೀಕರಣ ಸಾಧನವಾದ ಜಾವಾಡಾಕ್‌ನಲ್ಲಿ ಅಡಕವಾಗಿರುವ ಪರಿಶೀಲನಾ ವ್ಯವಸ್ಥೆ. ಇದು 2014ರಲ್ಲಿ ಬಿಡುಗಡೆಯಾದ ಜಾವಾ 8ನೆಯ ಆವೃತ್ತಿಯೊಂದಿಗೆ ಬಳಕೆಗೆ ಬಂದಿತು.

ಹಿನ್ನೆಲೆ

ಪ್ರೋಗ್ರಾಮಿನೊಳಗೆ ಬರೆದ ವಿಶೇಷ ಟಿಪ್ಪಣಿಗಳನ್ನು ಆಯ್ದು ಜಾವಾಡಾಕ್ ಎಚ್‌ಟಿಎಂಎಲ್ ಪುಟಗಳನ್ನು ರಚಿಸುತ್ತದೆ. ಟಿಪ್ಪಣಿಯಲ್ಲಿನ ತಪ್ಪು ಟ್ಯಾಗುಗಳನ್ನು ಬ್ರೌಸರುಗಳು ಬಹುಮಟ್ಟಿಗೆ ಸಹಿಸಿಕೊಳ್ಳುವುದರಿಂದ ಅವು ಬರೆದವರ ಗಮನಕ್ಕೆ ಬರುತ್ತಿರಲಿಲ್ಲ. ಡಾಕ್‌ಲಿಂಟ್ ಇಂತಹವನ್ನು ದೋಷವೆಂದು ಸಾರತೊಡಗಿದಾಗ, ಅದುವರೆಗೆ ಸುಗಮವಾಗಿದ್ದ ಅನೇಕ ಹಳೆಯ ಯೋಜನೆಗಳ ದಾಖಲೆ ತಯಾರಿಕೆ ನಡುವೆಯೇ ನಿಂತುಹೋಯಿತು.

ಪರಿಶೀಲನೆಯ ಮಿತಿ

ಎಲ್ಲ ನಿಯಮಗಳೂ ಸಮಾನ ತೂಕದವಲ್ಲ. ಚಿತ್ರಕ್ಕೆ 'ಆಲ್ಟ್' ಗುಣಲಕ್ಷಣವಿಲ್ಲದಿದ್ದರೆ, ಪರದೆಯನ್ನು ಓದಿಹೇಳುವ ತಂತ್ರಾಂಶವನ್ನು ಅವಲಂಬಿಸಿದ ಅಂಧ ಓದುಗರಿಗೆ ಅದರ ಅರ್ಥವೇ ದೊರೆಯದು. ಇಲ್ಲಿ ಕಟ್ಟುನಿಟ್ಟು ನ್ಯಾಯವಾದುದು. ಆದರೆ ಕೋಷ್ಟಕದ 'ಸಮ್ಮರಿ' ಗುಣಲಕ್ಷಣ ಎಚ್‌ಟಿಎಂಎಲ್ 4ರಲ್ಲಿ ಮಾನ್ಯವಾಗಿದ್ದು, ಎಚ್‌ಟಿಎಂಎಲ್ 5ರಲ್ಲಿ ಕೈಬಿಡಲ್ಪಟ್ಟಿತು. ಅಂದು ಶ್ರದ್ಧೆಯಿಂದ ಬರೆದುದೇ ಇಂದು ದೋಷವೆನಿಸುತ್ತದೆ.

ಈ ಕಾರಣದಿಂದ ಡಾಕ್‌ಲಿಂಟ್ ತನ್ನ ನಿಯಮಗಳನ್ನು ಸುಗಮ್ಯತೆ, ಎಚ್‌ಟಿಎಂಎಲ್, ಕೊರತೆ, ಉಲ್ಲೇಖ ಮತ್ತು ವಾಕ್ಯರಚನೆ ಎಂಬ 5 ಗುಂಪುಗಳಾಗಿ ವಿಂಗಡಿಸಿದೆ. ಬಳಕೆದಾರರು ಬೇಕಾದ ಗುಂಪನ್ನು ಮಾತ್ರ ಉಳಿಸಿಕೊಳ್ಳಬಹುದು ಅಥವಾ ಪರಿಶೀಲನೆಯನ್ನು ಪೂರ್ಣವಾಗಿ ನಿಲ್ಲಿಸಬಹುದು. ಪೂರ್ಣವಾಗಿ ನಿಲ್ಲಿಸಿದರೆ ಹಳೆಯ ಗುಣಲಕ್ಷಣಗಳ ದೂರಿನೊಡನೆ ಸುಗಮ್ಯತೆಯ ಎಚ್ಚರಿಕೆಯೂ ಮರೆಯಾಗುತ್ತದೆ.