ಗರಗಸದಿಂದ ಶುರುವಾಗುವ ಕನ್ನಡ

ನಮ್ಮ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಮಗು ಮೊದಲು ಕಲಿಯುವ ಅಕ್ಷರ ‘ಅ’ ಅಲ್ಲ, ‘ರ’. ಅದರ ಬೆನ್ನಿಗೆ ಗ, ಸ, ದ. ‘ಅ’ಕಾರಕ್ಕೆ ಸಿಕ್ಕಿರುವುದು ಐದನೆಯ ಜಾಗ. ಮೊಮ್ಮಗಳ ಪುಸ್ತಕ ಬಿಡಿಸಿದ ಅಜ್ಜಂದಿರು ‘ವರ್ಣಮಾಲೆಯನ್ನೇ ತಲೆಕೆಳಗು ಮಾಡಿಟ್ಟಿದ್ದಾರಲ್ಲ’ ಎಂದು ಗೊಣಗುವುದುಂಟು. ಆದರೆ ಈ ಐದು ಅಕ್ಷರ ಕೈಗೆ ಬಂದರೆ ಸಾಕು; ರಸ, ಸರ, ದರ, ಅಗಸ, ಅರಸ, ಗರಗಸ ಎಲ್ಲವನ್ನೂ ಮಗು ತಾನೇ ಓದಿಬಿಡುತ್ತದೆ. ಕಾಗುಣಿತದ ಗೋಜಿಲ್ಲ, ಒತ್ತಕ್ಷರದ ಕಾಟವಿಲ್ಲ. ಜ, ವ, ಮ, ಬ, ನ ಸೇರಿದರಂತೂ ಮರ, ಜನ, ಗಜ, ಬಸವ ಎಲ್ಲರೂ ಬಂದರು. ಹಳೆಯ ಕ್ರಮದಲ್ಲಿ ಋ, ಐ, ಔ ದಾಟಿ, ಬಿಡಿಯಾಗಿ ಬಹುತೇಕ ಬೇಕೇ ಆಗದ ಙ, ಞಗಳನ್ನು ತಿದ್ದಿ ಮುಗಿಸುವವರೆಗೆ ಓದುವ ಸುಖಕ್ಕೆ ಮಗು ಕಾಯಬೇಕಿತ್ತು.

‘ರ’ದಿಂದ ಶುರುವಾಗುವ ಈ ಕ್ರಮ ‘ನಲಿ-ಕಲಿ’ಯದು. ಹೆಸರು ಎಲ್ಲರಿಗೂ ಗೊತ್ತು, ಒಳಗೆ ನಡೆಯುವುದೇನೆಂಬುದು ಶಿಕ್ಷಕರಿಗೆ ಬಿಟ್ಟರೆ ಹೆಚ್ಚಿನವರಿಗೆ ತಿಳಿದಿಲ್ಲ.

ಹುಟ್ಟಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಕಬಿನಿ ಜಲಾಶಯ, ನಾಗರಹೊಳೆಯ ಕಾಡಂಚು, ಜೇನುಕುರುಬರ ಹಾಡಿಗಳು ಇರುವ ಸೀಮೆ. ಮಕ್ಕಳು ಶಾಲೆಗೆ ಸೇರುತ್ತಿದ್ದರು, ಉಳಿಯುತ್ತಿರಲಿಲ್ಲ. ಆ ತಾಲ್ಲೂಕಿನ ಕೆಲವು ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ರಿಷಿವ್ಯಾಲಿಗೆ ಹೋಗಿಬಂದರು. ಜಿಡ್ಡು ಕೃಷ್ಣಮೂರ್ತಿಯವರು ಕಟ್ಟಿದ ಆ ಸಂಸ್ಥೆ ಸುತ್ತಲಿನ ಹಳ್ಳಿಗಳಲ್ಲಿ ಏಕೋಪಾಧ್ಯಾಯ ಶಾಲೆಗಳನ್ನು ನಡೆಸುತ್ತಿತ್ತು. ಅಲ್ಲಿ ಪಠ್ಯಪುಸ್ತಕದ ಜಾಗದಲ್ಲಿ ಕಾರ್ಡುಗಳಿದ್ದವು, ತರಗತಿಯ ಜಾಗದಲ್ಲಿ ಗುಂಪುಗಳಿದ್ದವು. ಕಂಡದ್ದನ್ನು ಹಾಗೇ ತಂದು ಸುರಿಯದೆ, ಶಿಕ್ಷಕರು ತಾವೇ ಕೂತು ಕನ್ನಡಕ್ಕೆ ಬೇಕಾದ ಕಾರ್ಡು, ಹಾಡು, ಕಥೆಗಳನ್ನು ಕಟ್ಟಿದರು. ಯುನಿಸೆಫ್ ನೆರವಾಯಿತು. ನನ್ನ ಮಟ್ಟಿಗೆ ಇದರ ದೊಡ್ಡ ಸಂಗತಿ ಇದೇ: ಸುತ್ತೋಲೆಯಾಗಿ ಮೇಲಿನಿಂದ ಇಳಿಯುವ ಮೊದಲು ಇದು ತಾಲ್ಲೂಕಿನ ಮೇಷ್ಟರುಗಳ ಕೈಬರಹದಲ್ಲಿತ್ತು. 2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೇ ತರಗತಿಗೆ ಬಂತು, ಮರುವರ್ಷ ಮೂರನೆಯದಕ್ಕೂ.

ನಲಿ-ಕಲಿ ಕೋಣೆಗೆ ಕಾಲಿಟ್ಟವರಿಗೆ ಮೊದಲು ಕಾಣುವುದು ತಲೆಯ ಮೇಲಿನ ‘ಕಲಿ ಚಪ್ಪರ’. ಗೋಡೆಯಿಂದ ಗೋಡೆಗೆ ಕಟ್ಟಿದ ದಾರಗಳಲ್ಲಿ ಮಕ್ಕಳು ಬರೆದ ಚಿತ್ರ, ಮಡಿಸಿದ ಕಾಗದದ ದೋಣಿ, ಅಂಟಿಸಿದ ಎಲೆಗಳು ಜೋತಾಡುತ್ತವೆ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆಟಕುವ ಕಪ್ಪು ಹಲಗೆ. ಇನ್ನೊಂದು ಕಡೆ ಹವಾಮಾನದ ಪಟ್ಟಿ; ಇವತ್ತು ಬಿಸಿಲೋ ಮೋಡವೋ ಎಂದು ಗುರುತು ಹಾಕುವುದೂ ಮಕ್ಕಳೇ. ಒಂದು, ಎರಡು, ಮೂರನೇ ತರಗತಿಯವರು ಒಟ್ಟಿಗೇ ಕೂತಿರುತ್ತಾರೆ. ಹೊಸಬರಿಗೆ ಅದು ಗದ್ದಲದಂತೆಯೇ ತೋರುತ್ತದೆ.

ಆ ಗದ್ದಲಕ್ಕೆ ಒಂದು ಲೆಕ್ಕವಿದೆ. ಕಲಿಯಬೇಕಾದದ್ದನ್ನೆಲ್ಲ ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು ‘ಕಲಿಕಾ ಏಣಿ’ ಮಾಡಿದ್ದಾರೆ. ಕೆಲವು ಮೆಟ್ಟಿಲು ಸೇರಿದರೆ ಒಂದು ‘ಮೈಲಿಗಲ್ಲು’. ಪ್ರತಿ ಮೆಟ್ಟಿಲಿಗೂ ಒಂದು ಕಾರ್ಡು, ಕಾರ್ಡಿನ ಮೇಲೆ ‘ಲೋಗೋ’ ಎನ್ನುವ ಚಿತ್ರದ ಗುರುತು. ಓದಲು ಬಾರದ ಮಗುವೂ ಚಿತ್ರ ನೋಡಿ ತನ್ನ ಕಾರ್ಡು ಹುಡುಕಿಕೊಂಡು ಬರುತ್ತದೆ. ಆಮೇಲೆ ತನ್ನ ‘ತಟ್ಟೆ’ಗೆ ಹೋಗಿ ಕೂರುತ್ತದೆ. ತಟ್ಟೆಯೆಂದರೆ ಇಲ್ಲಿ ಊಟದ್ದಲ್ಲ, ಗುಂಪು. ಒಂದು ಗುಂಪಿಗೆ ಪೂರ್ತಿ ಶಿಕ್ಷಕರ ಸಹಾಯ, ಇನ್ನೊಂದಕ್ಕೆ ಅರ್ಧ; ಬೇರೆರಡರಲ್ಲಿ ಮಕ್ಕಳೇ ಮಕ್ಕಳಿಗೆ ಹೇಳಿಕೊಡುತ್ತಾರೆ; ಕೊನೆಯದರಲ್ಲಿ ಮಗು ತನ್ನಷ್ಟಕ್ಕೆ ತಾನು ಕಲಿಯುತ್ತದೆ. ಯಾರು ಯಾವ ಮೆಟ್ಟಿಲು ದಾಟಿದರೆಂಬುದು ‘ಪ್ರಗತಿ ನೋಟ’ದ ಹಾಳೆಯಲ್ಲಿ ದಾಖಲಾಗುತ್ತದೆ. ಮಕ್ಕಳಿಗೆ ಈ ಹಾಳೆಯ ಮೇಲೆ ವಿಪರೀತ ಮೋಹ.

ನಲಿ-ಕಲಿಯನ್ನು ಹೊಗಳುವವರು ಆಟ, ಹಾಡು, ಬಣ್ಣಗಳ ಮಾತಾಡುತ್ತಾರೆ. ತೆಗಳುವವರು ಹೇಳುವುದೂ ಅದನ್ನೇ: ‘ಬರೀ ಆಟ, ಪಾಠ ಎಲ್ಲಿ?’ ಇಬ್ಬರೂ ತಿರುಳನ್ನು ಬಿಟ್ಟು ಸಿಪ್ಪೆ ಹಿಡಿದಿದ್ದಾರೆ ಎನಿಸುತ್ತದೆ. ಇದರ ನಿಜವಾದ ಬಲ ಇರುವುದು ಗೈರುಹಾಜರಿಯ ವಿಷಯದಲ್ಲಿ. ಊರಹಬ್ಬಕ್ಕೆ ಅಜ್ಜಿ ಮನೆಗೆ ಹೋದ ಮಗು, ಅಪ್ಪ ಅಮ್ಮನ ಜೊತೆ ಕಬ್ಬು ಕಡಿಯುವ ಕಡೆ ಹೋದ ಮಗು, ಜ್ವರ ಬಂದು ಮಲಗಿದ ಮಗು ಹದಿನೈದು ದಿನ ಬಿಟ್ಟು ಬರುತ್ತದೆ. ಮಾಮೂಲಿ ತರಗತಿಯಲ್ಲಾದರೆ ಪಾಠ ಮುಂದೆ ಹೋಗಿಬಿಟ್ಟಿರುತ್ತದೆ. ಅಂದಿನಿಂದ ಆ ಮಗು ಕೊನೆಯ ಸಾಲಿನದು. ಇಲ್ಲಿ ಏಣಿಯ ಯಾವ ಮೆಟ್ಟಿಲಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಹತ್ತುತ್ತದೆ. ಯಾರೂ ‘ದಡ್ಡ’ ಎನ್ನುವ ಪ್ರಮೇಯವೇ ಬರುವುದಿಲ್ಲ. ಹಾಡಿಯ ಮಕ್ಕಳಿಗಾಗಿ ಹೊಂದಿಸಿದ್ದು ಕಡೆಗೆ ಎಲ್ಲರಿಗೂ ಹೊಂದಿತು.

2020ರ ಮಾರ್ಚ್‌ನಲ್ಲಿ ಕೊರೊನಾದಿಂದಾಗಿ ಶಾಲೆಗಳಿಗೆ ಬೀಗ ಬಿದ್ದಾಗ ಇಡೀ ರಾಜ್ಯದ ಮಕ್ಕಳೇ ಗೈರುಹಾಜರಾದರು. ಆ ವರ್ಷ ‘ವಿದ್ಯಾಗಮ’ದ ಹೆಸರಿನಲ್ಲಿ ಶಿಕ್ಷಕರು ಅರಳಿಕಟ್ಟೆ, ಗುಡಿಯ ಜಗುಲಿಗಳಲ್ಲಿ ಪಾಠ ಮಾಡಿದರು. 2022-23ನ್ನು ‘ಕಲಿಕಾ ಚೇತರಿಕೆ’ಯ ವರ್ಷವೆಂದು ಕರೆದು, ಕಲಿಕಾ ಹಾಳೆಗಳನ್ನು ಕೊಟ್ಟು, ಹಿಂದೆ ಬಿಟ್ಟದ್ದನ್ನು ಹಿಡಿಯುವ ಪ್ರಯತ್ನ ನಡೆಯಿತು. ಈಗ ಒಂದನೇ ತರಗತಿಗೆ ಬಂದವರಿಗೆ ಅಕ್ಷರಕ್ಕೂ ಮೊದಲು ‘ವಿದ್ಯಾ ಪ್ರವೇಶ’ ಎಂಬ ಆಟಪ್ರಧಾನ ತಯಾರಿ ಇದೆ. ಕಾರ್ಡುಗಳ ಜೊತೆಗೆ ಅಭ್ಯಾಸ ಪುಸ್ತಕಗಳೂ ಬಂದಿವೆ.

ಕೊರತೆಗಳನ್ನು ಮುಚ್ಚಿಡುವುದು ಬೇಡ. ಏಣಿ, ತಟ್ಟೆ, ಪ್ರಗತಿ ನೋಟಗಳನ್ನೆಲ್ಲ ಒಬ್ಬರೇ ಸಂಭಾಳಿಸುವುದು ಹುಡುಗಾಟವಲ್ಲ. ಮಕ್ಕಳ ಸಂಖ್ಯೆ ಮೂವತ್ತು ದಾಟಿದರೆ, ಜೊತೆಗೆ ಬಿಸಿಯೂಟದ ಲೆಕ್ಕ, ಸಮೀಕ್ಷೆ, ಚುನಾವಣೆಯ ಕೆಲಸ ಬಿದ್ದರೆ, ಕಾರ್ಡುಗಳು ಪೆಟ್ಟಿಗೆಯಲ್ಲೇ ಉಳಿಯುತ್ತವೆ. ಹರಿದ ಕಾರ್ಡಿಗೆ ಬದಲಿ ಸಿಗದಿದ್ದರೆ ಏಣಿಯಲ್ಲಿ ಒಂದು ಮೆಟ್ಟಿಲೇ ಇಲ್ಲ. ಇನ್ನೂ ದೊಡ್ಡ ಪೆಟ್ಟು ನಾಲ್ಕನೇ ತರಗತಿಯಲ್ಲಿ ಕಾದಿರುತ್ತದೆ. ಮೂರು ವರ್ಷ ತನ್ನ ವೇಗದಲ್ಲಿ ನಡೆದ ಮಗುವನ್ನು ಒಂದು ಜೂನ್ ತಿಂಗಳಲ್ಲಿ ಸಾಲಾಗಿ ಕೂರಿಸಿ ಎಲ್ಲರಿಗೂ ಒಂದೇ ಪುಟ ತೆಗೆಸುತ್ತೇವೆ. ಈ ಜಿಗಿತಕ್ಕೆ ಸೇತುವೆ ಕಟ್ಟದೆ, ನಲಿ-ಕಲಿ ಮಕ್ಕಳು ಹಿಂದುಳಿದರು ಎಂದು ದೂರುವುದು ನ್ಯಾಯವಲ್ಲ.

ದೊಡ್ಡ ತರಗತಿಗಳಲ್ಲಿ ನಲಿ-ಕಲಿಯ ಉತ್ಸಾಹ ಮತ್ತೆ ತಲೆಯೆತ್ತುವುದು ‘ಮಕ್ಕಳ ಸಂತೆ’ಯಲ್ಲಿ. ಕೆಲವು ಕಡೆ ಇದನ್ನು ‘ಮೆಟ್ರಿಕ್ ಮೇಳ’ ಎನ್ನುತ್ತಾರೆ. ಮನೆಯ ಹಿತ್ತಲಿನ ಕರಿಬೇವು, ನಿಂಬೆಹಣ್ಣು, ಹೊಲದ ಬದನೆ, ಅಮ್ಮ ಮಾಡಿಕೊಟ್ಟ ಚಕ್ಕುಲಿ, ಮಂಡಕ್ಕಿ ತಂದು ಶಾಲೆಯ ಅಂಗಳದಲ್ಲಿ ಮಕ್ಕಳು ಅಂಗಡಿ ಹೂಡುತ್ತಾರೆ. ತೂಕ, ಅಳತೆ, ಚಿಲ್ಲರೆ, ಲಾಭ-ನಷ್ಟ ಎಲ್ಲವೂ ಅಲ್ಲೇ. ಪುಸ್ತಕದ ಭಾಗಾಕಾರಕ್ಕೆ ಬೆವರುವ ಹುಡುಗ, ಕಾಲು ಕಿಲೋ ಬೀನ್ಸಿಗೆ ಎಷ್ಟಾಯಿತೆಂದು ಬಾಯಲ್ಲೇ ಹೇಳಿ ಮೇಲೊಂದು ಹಿಡಿ ಕೊತ್ತಂಬರಿ ಕೊಸರು ಹಾಕುತ್ತಾನೆ.

ನಿಮ್ಮೂರಿನ ಶಾಲೆಯಲ್ಲಿ ಈ ಸಂತೆ ನಡೆದರೆ ಹೋಗಿಬನ್ನಿ, ಕೈಚೀಲ ಮರೆಯಬೇಡಿ. ಫೋನ್ ಪೇ ಬೇಡ, ನೋಟು ಕೊಡಿ. ಚಿಲ್ಲರೆ ಎಷ್ಟೆಂದು ಮಗು ಎಣಿಸುವಾಗ ಮಾತ್ರ ದಯವಿಟ್ಟು ನೀವು ಬಾಯಿ ಹಾಕಬೇಡಿ.