ನಾಲ್ಕನೇ ಚುಕ್ಕಿ ಏಳದಿದ್ದರೆ

ಭಾರತೀಯ ಭಾಷೆಗಳ ಸ್ಪರ್ಶಲಿಪಿಯಾದ ಭಾರತಿ ಬ್ರೈಲ್‌ನಲ್ಲಿ ಕನ್ನಡದ ‘ಮ’ ಮೂಡಲು 1, 3 ಮತ್ತು 4ನೇ ಚುಕ್ಕಿಗಳು ಬೇಕು. ‘ಕ’ ಅಕ್ಷರಕ್ಕೆ 1 ಮತ್ತು 3 ಸಾಕು. ಹೀಗಾಗಿ ಬ್ರೈಲ್ ನೋಟ್‌ಟೇಕರ್‌ನಲ್ಲಿ ನಾಲ್ಕನೇ ಚುಕ್ಕಿ ಮೇಲೇಳದೆ ಕೂತುಬಿಟ್ಟರೆ ‘ಮರ’ ಬೆರಳಿಗೆ ‘ಕರ’ ಎಂದು ಸಿಗುತ್ತದೆ. ಅಂಕಿಗಳಲ್ಲಂತೂ ಇನ್ನೂ ಕಷ್ಟ. 3 ಎಂಬುದು 1 ಆಗಿ ಹೋಗುತ್ತದೆ. ಪರೀಕ್ಷೆಗೆ ಓದುವವರಿಗೆ, ಬ್ಯಾಂಕಿನಲ್ಲಿ ಲೆಕ್ಕ ನೋಡುವವರಿಗೆ ಇದು ಸಣ್ಣ ದೋಷವಲ್ಲ.

ನೋಟ್‌ಟೇಕರ್ ಎಂದರೆ ಅಂಧರ ಪೆನ್ನು, ನೋಟ್‌ಬುಕ್ಕು, ಗ್ರಂಥಾಲಯ ಮೂರೂ ಸೇರಿದ ಪುಟ್ಟ ಕಂಪ್ಯೂಟರ್. ಪರದೆ ಬೇಕಿಲ್ಲ. ಆರು ಚುಕ್ಕಿಗಳಿಗೆ ಆರು ಕೀಲಿ, ನಡುವೆ ಸ್ಪೇಸ್‌ಬಾರ್, ಅವುಗಳ ಮುಂದೆ ಬೆರಳಿನಡಿ ಅಕ್ಷರ ಮೂಡಿಸುವ ಒಂದು ಸಾಲು. ಅಮೆರಿಕದ ಡೀನ್ ಬ್ಲೇಝಿ 1987ರಲ್ಲಿ ತಂದ ‘ಬ್ರೈಲ್ ಎನ್ ಸ್ಪೀಕ್’ ಈ ಕುಲದ ಹಿರಿಯ. ಅದರಲ್ಲಿ ಬರೆಯುವುದು ಬ್ರೈಲ್‌ನಲ್ಲಿ, ಕೇಳುವುದು ಕಿವಿಯಲ್ಲಿ. ಸ್ಪರ್ಶಿಸಲು ಸಾಲು ಇರಲಿಲ್ಲ. 2000ದಲ್ಲಿ ನ್ಯೂಜಿಲೆಂಡ್‌ನ ಪಲ್ಸ್ ಡೇಟಾ ಕಂಪನಿ ‘ಬ್ರೈಲ್‌ನೋಟ್’ ತಂದಿತು. ಕೊರಿಯಾದ ಹಿಮ್ಸ್ ಕಂಪನಿಯ ‘ಬ್ರೈಲ್‌ಸೆನ್ಸ್’ ಕೂಡ ಹೆಸರಾಯಿತು. ಇಂಥ ದೊಡ್ಡ ಯಂತ್ರಗಳ ಬೆಲೆ ಇವತ್ತಿಗೂ ಲಕ್ಷಗಳಲ್ಲಿದೆ. ಬೆಲೆ ಇಳಿಸಲೆಂದೇ ಹಲವು ದೇಶಗಳ ಸಂಸ್ಥೆಗಳು ಒಟ್ಟಾಗಿ ರೂಪಿಸಿದ, 20 ಅಕ್ಷರಗಳ ‘ಆರ್ಬಿಟ್ ರೀಡರ್ 20’ ಅವುಗಳಿಗಿಂತ ಎಷ್ಟೋ ಅಗ್ಗ.

ದುಬಾರಿ ಬೆಲೆಗೆ ಮುಖ್ಯ ಕಾರಣ ಬೆರಳಿನಡಿಯ ಆ ಸಾಲೇ. ಒಂದು ಅಕ್ಷರದ ಮನೆಗೆ ಸೆಲ್ ಎನ್ನುತ್ತಾರೆ. ಪ್ರತಿ ಸೆಲ್ಲಿಗೆ ಎಂಟು ಪಿನ್ನು: ಆರು ಅಕ್ಷರಕ್ಕೆ, ಕೆಳಗಿನ ಎರಡು ಕರ್ಸರ್ ತೋರಿಸಲು. 32 ಸೆಲ್ಲುಗಳ ಯಂತ್ರದಲ್ಲಿ 256 ಪಿನ್ನುಗಳಾದವು. ಒಂದೊಂದು ಪಿನ್ನಿನ ಕೆಳಗೂ ಪೀಝೋ ಪದಾರ್ಥದ ತೆಳು ಪಟ್ಟಿ ಇರುತ್ತದೆ. ಸುಮಾರು 200 ವೋಲ್ಟ್ ಕೊಟ್ಟರೆ ಪಟ್ಟಿ ಕೊಂಚ ಬಾಗಿ ಪಿನ್ನನ್ನು ಮೇಲೆತ್ತುತ್ತದೆ. ಎತ್ತುವುದು ಒಂದು ಮಿಲಿಮೀಟರೂ ಇಲ್ಲ. ಅಷ್ಟು ಕಿರಿದಾದ ರಂಧ್ರದಲ್ಲಿ ಬೆವರು, ಚರ್ಮದ ಪುಡಿ, ತಿಂಡಿಯ ಎಣ್ಣೆ ಇಳಿದರೆ ಪಿನ್ನು ಅಂಟಿಕೊಳ್ಳುತ್ತದೆ. ಪೀಝೋ ಸಾಲಿನ ಸಾಮಾನ್ಯ ಕಾಯಿಲೆ ಇದು.

ಹೀಗೆ ಕೆಟ್ಟಾಗ ನೇರ ಸರ್ವಿಸ್ ಸೆಂಟರಿಗೆ ಕಳಿಸಬೇಕೆಂದೇನಿಲ್ಲ. ದೋಷ ಎಲ್ಲಿದೆ ಎಂದು ಪತ್ತೆಹಚ್ಚಲು ಕಣ್ಣೂ ಬೇಡ, ಸಲಕರಣೆಯೂ ಬೇಡ. ಬ್ರೈಲ್ ಬಲ್ಲ ಬೆರಳು ಸಾಕು. ಹೊಸ ಕಡತ ತೆರೆದು, ಆರೂ ಕೀಲಿಗಳನ್ನು ಒಟ್ಟಿಗೆ ಒತ್ತುತ್ತ ಸಾಲು ತುಂಬಿಸಿ, ಎಡದಿಂದ ಬಲಕ್ಕೆ ಬೆರಳಾಡಿಸಿ. ಒಂದೇ ಸೆಲ್ಲಿನಲ್ಲಿ ನಾಲ್ಕನೇ ಚುಕ್ಕಿ ಇಲ್ಲವೆಂದರೆ ಆ ಪಿನ್ನು ಕೂತಿದೆ. ಸಾಲಿನುದ್ದಕ್ಕೂ ಇಲ್ಲವೆಂದರೆ ಪಿನ್ನುಗಳು ನಿರಪರಾಧಿ, ನಾಲ್ಕನೇ ಕೀಲಿ ಕೆಲಸ ಮಾಡುತ್ತಿಲ್ಲ. ಚುಕ್ಕಿ ಎದ್ದರೂ ಬೆರಳು ತಾಗಿದೊಡನೆ ಕುಸಿದರೆ ಸೆಲ್ಲು ದುರ್ಬಲವಾಗಿರಬಹುದು. ಇನ್ನು ಸಾಲನ್ನು ಪೂರ್ತಿ ಖಾಲಿ ಮಾಡಿದಾಗಲೂ ಏನಾದರೂ ಚುಚ್ಚಿದರೆ, ಆ ಪಿನ್ನು ಮೇಲೆಯೇ ಸಿಕ್ಕಿಕೊಂಡಿದೆ. ಎರಡು ನಿಮಿಷದ ಈ ಪರೀಕ್ಷೆ ಮಾಡಿಕೊಂಡು ಫೋನ್ ಮಾಡಿದರೆ ರಿಪೇರಿಯವರ ಕೆಲಸವೂ ಅರ್ಧ ಹಗುರ.

ಕನ್ನಡ ಓದುಗರಿಗೆ ಇನ್ನೊಂದು ತೊಡಕುಂಟು. ನೋಟ್‌ಟೇಕರನ್ನು ಕಂಪ್ಯೂಟರಿಗೆ ಜೋಡಿಸಿ, ಪರದೆ ಓದುವ ತಂತ್ರಾಂಶವಾದ ಎನ್‌ವಿಡಿಎ ಮೂಲಕ ಓದುವಾಗ ಇಂಗ್ಲಿಷ್ ಸರಿಯಾಗಿ ಬಂದು ಕನ್ನಡ ಮಾತ್ರ ಕಲಸುಮೇಲೋಗರವಾಗುವುದುಂಟು. ಯಂತ್ರ ಕೆಟ್ಟಿರುವುದಿಲ್ಲ, ಅಕ್ಷರವನ್ನು ಚುಕ್ಕಿಗಳಿಗೆ ತಿರುಗಿಸುವ ಬ್ರೈಲ್ ಟೇಬಲ್ ಇಂಗ್ಲಿಷಿನದ್ದೇ ಉಳಿದಿರುತ್ತದೆ. ಎನ್‌ವಿಡಿಎ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಟೇಬಲ್ ಆರಿಸಿದರೆ ಮುಗಿಯಿತು. ಕನ್ನಡ ಟೇಬಲ್ಲೇ ಇಲ್ಲದ ಯಂತ್ರಕ್ಕೆ ಬಿಆರ್‌ಎಫ್ ಕಡತ ಕೊಡಬಹುದು. ಅದರಲ್ಲಿ ಅಕ್ಷರಗಳು ಮೊದಲೇ ಬ್ರೈಲ್‌ಗೆ ತಿರುಗಿರುವುದರಿಂದ ಯಾವ ಭಾಷೆಯೆಂದು ಯಂತ್ರ ತಿಳಿಯಬೇಕಿಲ್ಲ. ಐಫೋನಿಗೆ ಬ್ಲೂಟೂತ್ ಜೋಡಣೆ ಆಗದೆ ಪೇಚಾಡುವವರು ಸಾಮಾನ್ಯ ಬ್ಲೂಟೂತ್ ಪಟ್ಟಿ ಬಿಟ್ಟು, ಐಫೋನಿನ ಪರದೆ ಓದುವ ಸೌಲಭ್ಯವಾದ ವಾಯ್ಸ್‌ಓವರ್‌ನೊಳಗಿನ ಬ್ರೈಲ್ ವಿಭಾಗದಿಂದ ಪ್ರಯತ್ನಿಸಬೇಕು.

ಆರೈಕೆಯಲ್ಲಿ ಮೊದಲ ಮಾತು ಕೈ ತೊಳೆಯುವುದು. ಸೋಪಿನಲ್ಲಿ ತೊಳೆದು, ಚೆನ್ನಾಗಿ ಒರೆಸಿಕೊಂಡು, ಕೈ ಪೂರ್ತಿ ಒಣಗಿದ ಮೇಲೆಯೇ ಓದಲು ಕೂರಬೇಕು. ಊಟದ ಎಲೆಯ ಪಕ್ಕ ಯಂತ್ರವಿಡುವ ಅಭ್ಯಾಸ ಬೇಡವೇ ಬೇಡ. ಸಾಲು ಒರೆಸುವ ಮುನ್ನ ಯಂತ್ರ ಆಫ್ ಮಾಡಿ, ಕೈಪಿಡಿ ಒಪ್ಪಿದರೆ ನೂಲು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಚೂರೇ ಚೂರು ತಾಗಿಸಿ ಹಗುರಾಗಿ ಸವರಬೇಕು. ದ್ರವವನ್ನು ಸಾಲಿನ ಮೇಲೆ ಸುರಿಯಬಾರದು, ಚಿಮುಕಿಸಲೂಬಾರದು. ಕೂತ ಪಿನ್ನನ್ನು ಸೂಜಿಯಿಂದ ಕೆದಕುವುದು ಎಲ್ಲಕ್ಕಿಂತ ಕೆಟ್ಟದ್ದು. ಒಂದು ಪಿನ್ನು ಎಬ್ಬಿಸಲು ಹೋಗಿ ಇಡೀ ಸೆಲ್ಲು ಕಳೆದುಕೊಳ್ಳಬೇಕಾದೀತು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಚೀಲದೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟರೆ ತೇವ ಹೀರುತ್ತದೆ. ಯಂತ್ರವನ್ನು ವಾರಗಟ್ಟಲೆ ಬಳಸುವುದಿಲ್ಲವೆಂದಾದರೆ ಲಿಥಿಯಂ ಬ್ಯಾಟರಿಯನ್ನು ಪೂರ್ತಿ ಖಾಲಿ ಬಿಡದೆ ಅರ್ಧದಷ್ಟು ಚಾರ್ಜ್ ಮಾಡಿ ಎತ್ತಿಡಬೇಕು. ಬರೆದದ್ದನ್ನು ಆಗಾಗ ಮೆಮೊರಿ ಕಾರ್ಡಿಗೋ ಪೆನ್‌ಡ್ರೈವಿಗೋ ನಕಲು ಮಾಡಿಕೊಂಡರೆ, ಯಂತ್ರ ನಿಂತರೂ ಬರವಣಿಗೆ ಉಳಿಯುತ್ತದೆ. ಯಂತ್ರ ಸ್ತಬ್ಧವಾದಾಗ ಮೊದಲು ರೀಸೆಟ್ ಮಾಡಿ ನೋಡಬಹುದು. ಆದರೆ ಕೆಲವು ಮಾದರಿಗಳಲ್ಲಿ ಎಲ್ಲವನ್ನೂ ಅಳಿಸುವ ರೀಸೆಟ್ ಬೇರೆಯೇ ಇರುತ್ತದೆ. ಯಾವುದು ಯಾವುದೆಂದು ಕೈಪಿಡಿಯಲ್ಲಿ ಮೊದಲೇ ಓದಿಕೊಂಡಿರಬೇಕು.

ಇನ್ನು ರಿಪೇರಿಯ ಮಾತು. 1951ರಲ್ಲಿ ಬಂದ ಬ್ರೈಲ್ ಟೈಪ್‌ರೈಟರ್ ‘ಪರ್ಕಿನ್ಸ್ ಬ್ರೈಲರ್’ ಪೂರ್ತಿ ಯಾಂತ್ರಿಕ. ಅದರ ಒಳಗನ್ನು ಬಲ್ಲವರು ಸ್ಕ್ರೂಡ್ರೈವರ್, ಎಣ್ಣೆ ಹಿಡಿದು ಸರಿಪಡಿಸಬಲ್ಲರು. ನೋಟ್‌ಟೇಕರ್ ಆ ಭಾಗ್ಯ ಪಡೆದಿಲ್ಲ. ಸೆಲ್ಲು ತಯಾರಿಸುವ ಕಂಪನಿಗಳು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು. ಬಿಡಿಭಾಗ ಹೊರದೇಶದಿಂದ ಬರುವವರೆಗೆ ವಿದ್ಯಾರ್ಥಿಯ ಓದು ನಿಂತೇಬಿಡುತ್ತದೆ. ಸಮಾರಂಭ ಮಾಡಿ ಯಂತ್ರ ಹಂಚುವ ದಾನಿಗಳಲ್ಲಿ, ಸಿಎಸ್‌ಆರ್ ಹಣ ಕೊಡುವ ಕಂಪನಿಗಳಲ್ಲಿ ಅದಕ್ಕೇ ಈ ಕೋರಿಕೆ: ಹತ್ತು ಯಂತ್ರ ಕೊಡುವ ಕಡೆ ಒಂಬತ್ತು ಕೊಡಿ. ಉಳಿದ ಹಣವನ್ನು ರಿಪೇರಿ, ಬ್ಯಾಟರಿ, ಬದಲಿ ಸೆಲ್ಲುಗಳಿಗೆ ತೆಗೆದಿಡಿ. ಜೊತೆಗೆ ಕನ್ನಡ ಬ್ರೈಲ್‌ನಲ್ಲಿ ಒಂದು ಕೈಪಿಡಿಯನ್ನೂ ಕೊಡಿ.